ಕರಿಬಂಡೆಯಿಂದ ಕೆಳಗೆ

ಅಮೆರಿಕದ ಮೇನ್ ಕರಾವಳಿಯವರಿಗೆ ದಿಕ್ಕು ಕಲಿಸಿದ್ದು ಗಾಳಿ. ಹಾಯಿಹಡಗಿನ ಕಾಲದಲ್ಲಿ ನೈಋತ್ಯದ ಗಾಳಿ ಹಡಗುಗಳನ್ನು ಈಶಾನ್ಯಕ್ಕೆ ತಳ್ಳುತ್ತಿತ್ತು. ಗಾಳಿಯ ಜೊತೆ ಹೋದರೆ ಕೆಳಗೆ, ಎದುರು ಹೋದರೆ ಮೇಲೆ. ಹಾಯಿ ಹೋಗಿ ಎಂಜಿನ್ ಬಂದರೂ ಮಾತು ಬದಲಾಗಲಿಲ್ಲ. ಭೂಪಟದಲ್ಲಿ ಬಾಸ್ಟನ್ ಎಷ್ಟೇ ದಕ್ಷಿಣಕ್ಕಿರಲಿ, ಇವರು ಅಲ್ಲಿಗೆ 'ಮೇಲೆ' ಹೋಗುತ್ತಾರೆ. ಕೆನಡಾ ಕಡೆ ಹೊರಟರೆ 'ಕೆಳಗೆ'.

ಅಲ್ಲೇ ಹುಟ್ಟಿ ಬೆಳೆದ ವರ್ನಾಗೆ ಇದರ ಬಗ್ಗೆ ಎಲ್ಲಿಲ್ಲದ ಜಂಬ. ಒಹಾಯೋದಿಂದ ಬಂದ ಅಳಿಯ ಕರ್ಟ್ ಒಮ್ಮೆ ಬಾಯಿತಪ್ಪಿ "ಮೇಲೆ ಕೆನಡಾಕ್ಕೆ" ಅಂದದ್ದೇ ತಪ್ಪಾಯಿತು. ಒಂಬತ್ತು ವರ್ಷ, ಪ್ರತಿ ಶನಿವಾರ ಬೀನ್ಸ್ ಬಡಿಸುತ್ತಾ ಚುಚ್ಚಿದಳು.

"ಮೇಲ್ಯಾವ್ದು ಕೆಳಗ್ಯಾವ್ದು ಗೊತ್ತಿಲ್ದೋನಿಗೆ ಮಗಳನ್ನ ಕೊಟ್ಬಿಟ್ವಲ್ಲ! ಪ್ಯಾಂಟಾದ್ರೂ ನೆಟ್ಟಗೆ ಹಾಕ್ಕೊಂಡಿದಾನಾ ನೋಡ್ರೋ!"

"ಬಿಡೇ ಮಾರಾಯ್ತಿ, ತಿನ್ಲಿ ಪಾಪ," ಅನ್ನುತ್ತಿದ್ದ ಗಂಡ ಎಲ್ಡನ್. ಕರ್ಟ್ ತಲೆ ತಗ್ಗಿಸಿ ತಿನ್ನುತ್ತಿದ್ದ.

ಅಕ್ಟೋಬರಿನ ಒಂದು ಬೆಳಿಗ್ಗೆ ಚಾಚಿದ ಕೈ ಕಾಣದಂಥ ಮಂಜು. ಎಲ್ಡನ್ ಲಾಬ್‌ಸ್ಟರ್ ಹಿಡಿಯುವ ಬೋನು ಎತ್ತಲು ಕಡಲ ನಡುವಿನ ಕರಿಬಂಡೆಯ ಕಡೆ ಒಬ್ಬನೇ ಹೋಗಿದ್ದ. ಅಡುಗೆಮನೆಯ ವೈರ್‌ಲೆಸ್‌ನಲ್ಲಿ ಅವನ ದನಿ ಬಂತು.

"ವರ್ನಾ, ದೋಣಿಗೆ ನೀರು ನುಗ್ತಿದೆ. ಕರಿಬಂಡೆಯಿಂದ ಕೆಳಗೆ, ಅರ್ಧ ಮೈಲಿ. ಬೇಗ ಯಾರನ್ನಾದ್ರೂ ಕಳ್ಸೆ."

ಆಮೇಲೆ ಬರೀ ಗೊರಗೊರ ಸದ್ದು.

ಊರಿನ ದೊಡ್ಡ ದೋಣಿಗಳೆಲ್ಲ ಆಗಲೇ ದೂರದ ಕಡಲಿಗೆ ಹೋಗಿದ್ದವು, ವೈರ್‌ಲೆಸ್‌ನಲ್ಲಿ ಕೂಗಿದರೂ ಯಾರೂ ಸಿಗಲಿಲ್ಲ. ದೋಣಿ ನಿಲ್ಲುವ ಧಕ್ಕೆಗೆ ಫೋನ್ ಮಾಡಿದರೆ ಎತ್ತಿದವನು ಕರ್ಟ್; ಅಲ್ಲಿ ಉಳಿದಿದ್ದು ಅವನ ಸಣ್ಣ ದೋಣಿಯೊಂದೇ. ವರ್ನಾಗೆ ಜೀವ ಬಾಯಿಗೆ ಬಂದಿತ್ತು. ಕೆಳಗೆ ಅಂದರೆ ಈ ಪುಣ್ಯಾತ್ಮ ದಕ್ಷಿಣಕ್ಕೆ ಓಡುತ್ತಾನೆ ಅನ್ನಿಸಿತು. ಈಶಾನ್ಯ ಎಂಬ ಪದ ಹೊಳೆಯಲಿಲ್ಲ, ಆ ಊರಲ್ಲಿ ಅದನ್ನು ಬಳಸುವವರೂ ಇಲ್ಲ. ಜೀವಮಾನದಲ್ಲೇ ಮೊದಲ ಸಲ ಅವಳು ಅಳಿಯನ ಭಾಷೆಗೆ ಇಳಿದಳು.

"ಕರಿಬಂಡೆಯಿಂದ ಮೇಲೆ ಕರ್ಟ್! ಅರ್ಧ ಮೈಲಿ ಮೇಲೆ! ಎಲ್ಡನ್ ಮುಳುಗ್ತಿದಾನೆ, ಓಡು!"

"ಮೇಲೆ. ಗೊತ್ತಾಯ್ತು," ಎಂದು ಅವನು ಫೋನ್ ಇಟ್ಟ.

ಮಂಜಿನಲ್ಲಿ ಎರಡು ತಾಸು ಸುತ್ತಿದ, ಗಂಟಲು ಕಿತ್ತುಹೋಗುವ ಹಾಗೆ ಕೂಗಿದ. ಮಧ್ಯಾಹ್ನ ಮಂಜು ಕರಗಿದಾಗ ಎಲ್ಡನ್ ಬೇರೆ ದೋಣಿಯವರಿಗೆ ಸಿಕ್ಕಿದ, ಬಂಡೆಯ ಇನ್ನೊಂದು ಬದಿಯಲ್ಲಿ. ಬೋನಿಗೆ ಗುರುತಾಗಿ ಕಟ್ಟಿದ ತೇಲುಬುಂಡೆಯೊಂದನ್ನು ಅಪ್ಪಿಕೊಂಡೇ ಸತ್ತಿದ್ದ. ಅವನು ಬಹಳ ಹೊತ್ತು ಕಾದಿರಬೇಕು ಅಂತ ತಂದವರು ಹೇಳಿದರು. ಹೇಳಬಾರದಿತ್ತು.

ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದ ಕರ್ಟನ ಮೇಲೆ ವರ್ನಾ ಹರಿಹಾಯ್ದಳು.

"ಎಲ್ಲಿ ಹಾಳಾಗಿ ಹೋಗಿದ್ಯೋ? ಮೇಲೆ ಅಂತ ಬಡ್ಕೊಂಡ್ನಲ್ಲ! ಮೇಲೆ ಅಂದ್ರೆ ಉತ್ತರ ತಾನೆ ನಿಂಗೆ?"

ಕರ್ಟ್ ಅವಳ ಮುಖ ನೋಡಿದ. ಅವನಿಗೆ ಈಗಷ್ಟೇ ಅರ್ಥವಾಗಿತ್ತು.

"ಮೇಲಕ್ಕೇ ಹೋದೆ ವರ್ನಾ. ನೀವು ಹೇಳೋ ಮೇಲಕ್ಕೆ, ಬಾಸ್ಟನ್ ಕಡೆಗೆ. ಒಂಬತ್ತು ವರ್ಷ ನಿಮ್ಮ ಹತ್ರ ಬೈಸ್ಕೊಂಡು ಕಲ್ತಿದ್ದೆ."

ಅವನಿಗೆ ಬೈಯಲು ಏನಾದರೊಂದು ತಪ್ಪು ಸಿಗಲಿ ಎಂದು ವರ್ನಾ ಹುಡುಕಿದಳು. ಅವನು ಯಾವ ತಪ್ಪೂ ಮಾಡಿರಲಿಲ್ಲ.