ಮೂಲೆ ಮನೆಗೆ ಲಿಫ್ಟ್

ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕ್ರೇನಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಹುಟ್ಟಿದ ಹೆಸರು ಒಂದು ದಿನ ಎದುರಿಗೇ ಬಂದು ನಿಂತಾಗ ಅವಳು ಬೇಸರಪಟ್ಟುಕೊಳ್ಳಲಿಲ್ಲ. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ನಡುಪೇಟೆಯಲ್ಲಿ ಎಲ್ಲೇ ಒಂದು ಕ್ರೇನು ತಲೆ ಎತ್ತಲಿ, ವಾರದೊಳಗೆ ಅವಳು ಅದರ ಬುಡದಲ್ಲಿ ನಿಂತಿರುತ್ತಿದ್ದಳು. ಭಾನುವಾರದ ಮೂರನೆಯ ಪುಟದಲ್ಲಿ ಅವಳ ‘ಕಟ್ಟಡ ಸುದ್ದಿ’ ಬರುತ್ತಿತ್ತು. ಯಾವ ಜಾಗದಲ್ಲಿ ಏನು ಏಳುತ್ತಿದೆ, ಯಾರು ಕಟ್ಟುತ್ತಿದ್ದಾರೆ, ಯಾವಾಗ ಮುಗಿಸುತ್ತೇವೆ ಎಂದಿದ್ದರು, ಈಗ ಎಲ್ಲಿಗೆ ಬಂದಿದೆ, ಇಷ್ಟೇ. ಅಲಂಕಾರವಿಲ್ಲದ ನಾಲ್ಕೈದು ಸಾಲು.

ಊರು ಆಗ ಮೈ ತುಂಬಿಕೊಳ್ಳುತ್ತಿತ್ತು. ಪಟ್ಟಣ ಎಂದರೆ ಅದಕ್ಕೆ ಕೋಪ, ಮಹಾನಗರ ಎಂದರೆ ನಾಚಿಕೆ, ಅಂಥ ವಯಸ್ಸು. ಹಳೆಯ ಗೋದಾಮು ಹೋಟೆಲಾಗುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಬಯಲು ಆಸ್ಪತ್ರೆಯಾಗುತ್ತಿತ್ತು. ಹಂಚಿನ ಮನೆಗಳ ಸಾಲೊಂದು ರಾತ್ರೋರಾತ್ರಿ ತಗಡಿನ ಬೇಲಿಯ ಹಿಂದೆ ಮಾಯವಾಗಿತ್ತು. ಜನಕ್ಕೆ ಇದೆಲ್ಲ ಏನೆಂದು ತಿಳಿಯಬೇಕಿತ್ತು. ಅವರು ಮೊದಲ ಪುಟವನ್ನು ಹಾರಿಸಿ ಸೀದಾ ಮೂರನೆಯದಕ್ಕೆ ಹೋಗುತ್ತಾರೆಂದು ಸಂಪಾದಕರು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದರು.

ಆ ದಿನ ಅವಳು ಗೋದಾಮಿನ ಜಾಗಕ್ಕೆ ಹೋಗಿದ್ದಳು. ಹೋಟೆಲಿನ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ಅಲ್ಲಿಯ ಎಂಜಿನಿಯರ್ ಅವಳ ತಲೆಗೊಂದು ಹಳದಿ ಹೆಲ್ಮೆಟ್ ಇಟ್ಟು ಮಹಡಿಗಳನ್ನೆಲ್ಲ ಸುತ್ತಿಸಿದ. ಮೇಲಿನಿಂದ ಇಳಿಯುವಾಗ ಅವಳು ಎಂದಿನಂತೆ ಕೇಳಿದಳು, “ಮುಂದಿನದು ಎಲ್ಲಿ?”

“ಹಳೇ ಅಂಚೆಕಚೇರಿ ರಸ್ತೆ, ಮೇಡಂ. ಆ ಕನ್ನಡಕದ ಅಂಗಡಿ ಇದೆಯಲ್ಲ, ಮೂಲೆಯದು. ಕೆಡವಿ ಆರು ಮಹಡಿ ಎಬ್ಬಿಸ್ತೀವಿ. ಕೆಳಗೆ ಅಂಗಡಿ, ಮೇಲೆ ಮನೆ.”

ಅವಳ ಕೈಯ ಪೆನ್ನು ನಿಂತಿತು. “ಆ ಮನೆಯವರು ಒಪ್ಪಿದಾರಾ?”

“ಒಪ್ಪೋದೇನು, ಕರಾರೇ ಆಗಿದೆ. ಗಟ್ಟಿ ಕುಳ ಮೇಡಂ. ನಮ್ಮ ಯಜಮಾನ್ರಿಗೇ ಬೆವರಿಳಿಸಿಬಿಟ್ರು.” ಎಂಜಿನಿಯರ್ ನಕ್ಕ. “ಇನ್ನೂ ಬರೀಬೇಡಿ. ಮುಂದಿನ ತಿಂಗಳು ನಾನೇ ಫೋನ್ ಮಾಡ್ತೀನಿ.”

ಅವಳು ಹೆಲ್ಮೆಟ್ ತೆಗೆದುಕೊಟ್ಟು ಹೊರಗೆ ಬಂದಳು. ಆ ಮೂಲೆ ಮನೆಯಲ್ಲಿ ಹುಟ್ಟಿದವಳು ತಾನೆಂದು ಅವನಿಗೆ ಹೇಳಲಿಲ್ಲ. ಕನ್ನಡಕದ ಅಂಗಡಿ ಅವಳ ಅಣ್ಣನದು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಣ್ಣ ಮತ್ತು ಅಮ್ಮ ಇದ್ದರು. ಅವಳು ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದ ಮೇಲೂ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಊಟ ಮಾಡಿ ಬರುತ್ತಿದ್ದಳು. ಮೊನ್ನೆಯಷ್ಟೇ ಹೋಗಿದ್ದಳು. ಅಣ್ಣ ತುಟಿಪಿಟಕ್ಕೆಂದಿರಲಿಲ್ಲ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳು. ಅಣ್ಣ ಚೌಕಾಸಿ ಮಾಡುವ ಜಾತಿಯೇ ಅಲ್ಲ. ತರಕಾರಿಯವಳು ಕೊಳೆತ ಬದನೆಕಾಯಿ ಕೊಟ್ಟರೂ ಥ್ಯಾಂಕ್ಸ್ ಹೇಳಿ ತರುವವನು. ಅವನಿಗೆ ಯಾರೋ ಟೋಪಿ ಹಾಕಿದ್ದಾರೆ. ಬೆವರಿಳಿಸಿದ ಕತೆಯೆಲ್ಲ ಎಂಜಿನಿಯರನ ಬಣ್ಣ. ಇಳಿಯುವ ಹೊತ್ತಿಗೆ ಅವಳಿಗೆ ಯಾರ ಜೊತೆಗಾದರೂ ಜಗಳವಾಡಲೇಬೇಕು ಎನ್ನುವಷ್ಟು ಕೋಪ ಬಂದಿತ್ತು.

ಅಣ್ಣ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಬಗ್ಗಿಸುತ್ತಿದ್ದ. ಅವಳ ಮುಖ ನೋಡಿದವನೇ ವಿಷಯ ತಿಳಿದುಕೊಂಡ. ಗಿರಾಕಿ ಹೋಗುವವರೆಗೂ ಅವಳ ಕಡೆ ತಿರುಗಲಿಲ್ಲ.

“ಯಾರು ಹೇಳಿದ್ರು?” ಎಂದ ಕೊನೆಗೆ.

“ಯಾರು ಹೇಳಿದ್ರೆ ಏನು? ನೀನಂತೂ ಹೇಳಲಿಲ್ಲ. ಏನೇನು ಸಹಿ ಹಾಕಿದೀಯ? ಓದಿದೀಯಾ? ನನ್ನನ್ನ ಒಂದು ಮಾತು ಕೇಳ್ಬಾರ್ದಾ? ಈ ಊರಲ್ಲಿ ಯಾವ ಬಿಲ್ಡರ್ ಎಂಥವನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಮಾತು ಬಿಸಿಯಾದಾಗಲೆಲ್ಲ ಅವನು ಮಾಡುತ್ತಿದ್ದುದು ಅದೊಂದೇ. “ನಾನೇನೂ ಮಾಡಿಲ್ಲ ಪುಟ್ಟಿ. ಮೇಲೆ ಹೋಗು. ಕೇಳೋದನ್ನ ಅಲ್ಲೇ ಕೇಳು.”

ಪಕ್ಕದ ಮೆಟ್ಟಿಲು ಮರದ್ದು, ಏಣಿಯಷ್ಟು ಕಡಿದು. ಅವಳು ಕಟಕಟ ಸದ್ದು ಮಾಡುತ್ತ ಹತ್ತಿದಳು. ಅಮ್ಮ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದಳು. ಬೀದಿಯಾಚೆ ಬ್ಯಾಂಕಿನ ಹೊಸ ಕಟ್ಟಡಕ್ಕೆ ಗಾಜು ಕೂರಿಸುತ್ತಿದ್ದರು. ಅಮ್ಮನ ಕಣ್ಣು ಅಲ್ಲಿತ್ತು, ಕೈ ಇಲ್ಲಿತ್ತು.

“ಬಂದ್ಯಾ? ಸದ್ದು ಕೇಳೇ ಅಂದ್ಕೊಂಡೆ, ಇವತ್ತು ಇವಳಿಗೆ ಗೊತ್ತಾಗಿದೆ ಅಂತ. ಕೂತ್ಕೊ.”

“ಅಮ್ಮ, ಸಹಿ ಹಾಕಿದ್ದು ನೀನಾ?”

“ಮನೆ ನನ್ನ ಹೆಸರಲ್ಲಿದೆ. ಇನ್ಯಾರು ಹಾಕ್ತಾರೆ?”

“ಬೆವರಿಳಿಸಿದ್ದೂ ನೀನೇನಾ?”

ಅಮ್ಮನಿಗೆ ಆ ಮಾತು ಹಿಡಿಸಿತು. “ಹಾಗಂದ್ರಾ ಅವರು? ಪಾಪ, ಮೂರು ಸಲ ಮೆಟ್ಟಿಲು ಹತ್ತಿಳಿದ್ರಲ್ಲ, ಅದಕ್ಕೆ ಬೆವರಿರ್ತಾರೆ.”

ಅವಳಿಗೆ ನಗು ಬರಲಿಲ್ಲ. “ಹಣಕ್ಕೆ ಕಷ್ಟ ಇತ್ತಾ? ನನಗೆ ಹೇಳ್ಬೇಕಿತ್ತು. ಈ ಮನೆ... ಅಪ್ಪ ಕಟ್ಟಿಸಿದ ಮನೆ. ಈ ಕಿಟಕಿ, ಈ ಮೆಟ್ಟಿಲು, ಇಂಥದ್ದು ಈ ರಸ್ತೇಲಿ ಇದೊಂದೇ ಉಳಿದಿರೋದು. ನಿನಗೇನೂ ಅನ್ನಿಸೋದಿಲ್ವಾ?”

ಅಮ್ಮ ಕೈಯಲ್ಲಿದ್ದ ಬಟಾಣಿ ಸಿಪ್ಪೆಯನ್ನು ಕೆಳಗಿಟ್ಟಳು. “ವಾರಕ್ಕೊಂದ್ಸಲ ಹತ್ತಿ ಬರೋಳಿಗೆ ಮೆಟ್ಟಿಲು ಚೆಂದಾನೇ ಕಣೇ. ಇಳಿಯೋಕೆ ಆಗದೋಳನ್ನ ಕೇಳು. ಮಂಡಿ ಹೋದ ಮೇಲೆ ಆಸ್ಪತ್ರೆಗೆ ಬಿಟ್ರೆ ನಾನು ಈ ಮನೆ ಬಿಟ್ಟು ಇಳಿದಿಲ್ಲ. ಅದಕ್ಕೂ ನಿಮ್ಮಣ್ಣ, ಪಕ್ಕದಂಗಡಿಯೋನು ಸೇರಿ ಕುರ್ಚಿ ಸಮೇತ ಎತ್ಕೊಂಡು ಇಳಿಸ್ಬೇಕು. ಬೀರು ಸಾಗಿಸ್ದಂಗೆ. ಬೀದಿಯೋರೆಲ್ಲ ದಾರಿ ಬಿಟ್ಟು ನಿಂತ್ಕೋತಾರೆ. ನನಗೆ ಲಿಫ್ಟ್ ಬೇಕು.”

ಅಮ್ಮ ಕೆಳಗಿಳಿಯುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಅಮ್ಮ ಮೇಲೆ ಕಿಟಕಿಯ ಬಳಿ ಇರುತ್ತಾಳೆ ಎನ್ನುವುದು ಗಡಿಯಾರ ಗೋಡೆಯ ಮೇಲಿರುತ್ತದೆ ಎನ್ನುವಷ್ಟೇ ಸಹಜವಾಗಿ ಗೊತ್ತಿತ್ತು.

“ಸರಿ,” ಎಂದಳು. “ಆದ್ರೆ ಇವರನ್ನೇ ಯಾಕೆ ಹಿಡಿದೆ? ವಿಚಾರಿಸಿದ್ಯಾ?”

“ನಿನ್ನ ಪೇಪರ್ ಓದ್ತೀನಲ್ಲ. ಹೇಳಿದ ದಿನಕ್ಕೆ ಮುಗಿಸೋರು ಅವರೊಬ್ಬರೇ ಅಂತ ನೀನೇ ಬರೆದಿದ್ದು. ಇನ್ನೊಬ್ಬ ಬಂದಿದ್ದ, ಜಾಸ್ತಿ ಕೊಡ್ತೀನಿ ಅಂದ. ಅವನು ಆಸ್ಪತ್ರೆ ಕೆಲಸಾನ ಎಷ್ಟು ಸಲ ಮುಂದೂಡಿದ ಅಂತ ಅವನಿಗೇ ಹೇಳ್ದೆ. ಕಾಫಿ ಕೂಡ ಪೂರ್ತಿ ಕುಡೀದೆ ಎದ್ದು ಹೋದ.”

“ಮತ್ತೆ ನನಗೆ ಮಾತ್ರ ಹೇಳಲಿಲ್ಲ.”

“ನಿನಗೆ ಹೇಳಿದ್ರೆ, ಒಂದು ನೀನು ಅಳ್ತಿದ್ದೆ. ಇಲ್ಲಾಂದ್ರೆ ಭಾನುವಾರ ಊರಿಗೆಲ್ಲ ಗೊತ್ತಾಗ್ತಿತ್ತು.”

ಅಳುವುದಿಲ್ಲ ಎನ್ನುತ್ತಲೇ ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. ಅಮ್ಮ ಅತ್ತ ನೋಡದೆ ಬಟಾಣಿಯ ಬುಟ್ಟಿಯನ್ನು ಅವಳ ಮಡಿಲಿಗೆ ತಳ್ಳಿದಳು. ಇಬ್ಬರೂ ಸುಲಿದರು. ಬೀದಿಯಾಚೆ ಒಂದು ಗಾಜು ಕೂತಿತು, ಇನ್ನೊಂದು ಮೇಲೇರಿತು.

ಮರುದಿನ ಅವಳು ಸಂಪಾದಕರ ಕೋಣೆಗೆ ಹೋಗಿ ವಿಷಯ ಹೇಳಿದಳು. ತನ್ನ ತಾಯಿಯ ಮನೆಯ ಬಗ್ಗೆ ತಾನೇ ಬರೆಯುವುದು ಸರಿಯಲ್ಲ, ಆ ಒಂದು ಜಾಗವನ್ನು ಬೇರೆಯವರಿಗೆ ಕೊಡಿ ಎಂದಳು. ಕಚೇರಿಯಲ್ಲಿ ಆಗ ಕೈ ಖಾಲಿ ಇದ್ದವನು ಕ್ರೀಡಾ ಪುಟದವನೊಬ್ಬನೇ. ಅವನಿಗೆ ಇಟ್ಟಿಗೆ, ಸಿಮೆಂಟಿನ ಗಂಧಗಾಳಿ ಇರಲಿಲ್ಲ, ಆದರೆ ಉತ್ಸಾಹಕ್ಕೆ ಕೊರತೆ ಇರಲಿಲ್ಲ. ಮೂಲೆ ಮನೆ ಕೆಡವಿದ ವಾರ ಅವನು ಬರೆದದ್ದು: “ಆರಂಭದಲ್ಲೇ ಬಿರುಸಿನ ಆಟ. ಎದುರಾಳಿ ಗೋಡೆಗಳು ಹೆಚ್ಚು ಪ್ರತಿರೋಧ ತೋರಲಿಲ್ಲ.”

ಕೆಡವುವುದನ್ನು ನೋಡಲು ಅವಳು ಹೋಗಿದ್ದಳು. ಎಷ್ಟೋ ಕಟ್ಟಡಗಳು ಬೀಳುವುದನ್ನು ಪೆನ್ನು ಹಿಡಿದು ನೋಡಿದವಳಿಗೆ ಬರಿಗೈಯಲ್ಲಿ ನಿಲ್ಲುವುದು ಕಷ್ಟವಾಯಿತು. ಮುಂದಿನ ಗೋಡೆ ಹೋದಾಗ ಒಳಗಿನ ನೀಲಿ ಕೋಣೆ ಇಡೀ ಬೀದಿಗೆ ಕಾಣಿಸಿತು. ಸ್ನಾನ ಮಾಡುತ್ತಿದ್ದವರ ಬಾಗಿಲು ತೆರೆದಂತೆ ಅವಳು ಮುಖ ತಿರುಗಿಸಿದಳು. ಎದುರಿಗೆ ಬಾಡಿಗೆ ಅಂಗಡಿ ಹಿಡಿದಿದ್ದ ಅಣ್ಣ ಒಳಗಿನಿಂದ ಕೂಗಿದ, “ಬಾರೇ ಒಳಗೆ, ಧೂಳು! ಬೆಳಗ್ಗೆಯಿಂದ ಒರೆಸಿ ಒರೆಸಿ ಕೈ ಬಿದ್ದುಹೋಯ್ತು.” ಅವಳು ಹೋಗಿ ಒಂದು ಬಟ್ಟೆ ತೆಗೆದುಕೊಂಡು ಅವನ ಜೊತೆ ಕನ್ನಡಕಗಳನ್ನು ಒರೆಸುತ್ತ ಕೂತಳು. ಇಬ್ಬರೂ ಹೊರಗೆ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸದ್ದು ನಿಂತಿತು.

ಅಮ್ಮ ಅವಳ ಮನೆಗೆ ಬಂದಳು. ನೆಲಮಹಡಿಯ ಮನೆಯಾದ್ದರಿಂದ ತೊಂದರೆಯಿರಲಿಲ್ಲ. ಆದರೆ ಅಲ್ಲಿಂದ ರಸ್ತೆ ದೂರ. ಬಾಗಿಲಾಚೆ ಬರೀ ಕಾಂಪೌಂಡ್ ಗೋಡೆ. ಅಮ್ಮ ಭಾನುವಾರಕ್ಕಾಗಿ ಕಾಯುತ್ತಿದ್ದಳು. ಪಾಯ ತೋಡಿದರು ಎಂದು ಬಂತು. ಮುಂದಿನ ವಾರವೂ ಪಾಯ ತೋಡಿದರು ಎಂದೇ ಬಂತು. ಅದರ ಮುಂದಿನ ವಾರ ಆ ಜಾಗದ ಸುದ್ದಿಯೇ ಇರಲಿಲ್ಲ.

ಆಗಿದ್ದು ಇಷ್ಟು. ನೆಲಮಾಳಿಗೆಗೆಂದು ತೋಡಿದ ಗುಂಡಿಯಲ್ಲಿ ನೀರು ಉಕ್ಕಿತ್ತು. ಪಂಪು ಹಾಕಿ ಎಳೆದಷ್ಟೂ ಬರುತ್ತಿತ್ತು. ಕೆಲಸ ನಿಂತಿತ್ತು. ಎಂಜಿನಿಯರ್ ಅವಳನ್ನು ಇನ್ನೊಂದು ಜಾಗದಲ್ಲಿ ಕಂಡಾಗ ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. “ಮೇಡಂ, ನಿಮ್ಮದೇ ಮನೆ ಅಂತ ಈಗ ಗೊತ್ತಾಯ್ತು. ಸ್ವಲ್ಪ ದಿನ ಪೇಪರಲ್ಲಿ ಬರದಂಗೆ ನೋಡ್ಕೊಳ್ಳಿ. ನಮ್ಮ ಹೆಸರಿಗೆ ಇದುವರೆಗೂ ತಡ ಅನ್ನೋ ಮಾತು ಅಂಟಿಲ್ಲ.”

“ಆ ಜಾಗದ ಸುದ್ದಿ ನಾನು ಬರೆಯೋದಿಲ್ಲ,” ಎಂದಳು ಅವಳು. “ಬರೀಬೇಡಿ ಅಂತ ಹೇಳೋದೂ ನನ್ನ ಕೆಲಸ ಅಲ್ಲ.”

ಹೇಳುವಾಗ ನೇರವಾಗಿಯೇ ಹೇಳಿದಳು. ಮನೆಗೆ ಬರುವಾಗ ಮಾತ್ರ ಬೇಕೆಂದೇ ಸುತ್ತು ದಾರಿ ಹಿಡಿದಳು. ಅಮ್ಮನಿಗೆ ಹೇಗೆ ಹೇಳುವುದು? ಇಂದು ಬೇಡ, ನಾಳೆ ಹೇಳೋಣ ಎಂದುಕೊಂಡಳು. ನಾಳೆಯೂ ಅದೇ ಅಂದುಕೊಂಡಳು.

ಅಮ್ಮ ನಾಳೆಗೆ ಕಾಯಲಿಲ್ಲ. ಪತ್ರಿಕೆಯಲ್ಲಿ ಅಚ್ಚಾಗಿದ್ದ ನಂಬರಿಗೆ ತಾನೇ ಫೋನ್ ಮಾಡಿ ಕ್ರೀಡಾ ಪುಟದವನನ್ನು ಹಿಡಿದಳು. ಯಾರು ಮಾತಾಡುತ್ತಿರುವುದೆಂದು ಹೇಳಲಿಲ್ಲ. ನಿಮ್ಮ ಹಳೆಯ ಓದುಗರಲ್ಲೊಬ್ಬಳು ಎಂದಷ್ಟೇ ಹೇಳಿದಳು. “ಮೂಲೆ ಮನೆ ಸುದ್ದಿ ಎಲ್ಲಿ? ಆಟ ನಿಂತಿದ್ರೆ ನಿಂತಿದೆ ಅಂತ ಬರೀಬೇಕಪ್ಪ.” ಅವನು ಬೆಚ್ಚಿ ಆ ಮಧ್ಯಾಹ್ನವೇ ಜಾಗಕ್ಕೆ ಓಡಿದ. ಭಾನುವಾರ ಬಂತು: “ಮೈದಾನದಲ್ಲಿ ನೀರು. ಪಂದ್ಯ ಸ್ಥಗಿತ. ಮತ್ತೆ ಯಾವಾಗ ಆರಂಭವೆಂದು ಯಾರೂ ಹೇಳುತ್ತಿಲ್ಲ.”

ಸೋಮವಾರ ಎಂಜಿನಿಯರ್ ನಕ್ಷೆಗಳ ಸುರುಳಿ ಹಿಡಿದು ಅವಳ ಮನೆಗೆ ಬಂದ. ಅಮ್ಮನ ಎದುರು ಕೂತು, ನೀರು ಎಲ್ಲಿಂದ ಬರುತ್ತಿದೆ, ಏನು ಮಾಡುತ್ತೇವೆ, ಎಷ್ಟು ತಡವಾಗುತ್ತದೆ ಎಂದು ವಿವರಿಸಿದ. ಹೋದ ವಾರವೇ ಮೇಡಂಗೆ ಹೇಳಿದ್ದೆ ಎಂದೂ ಸೇರಿಸಿದ. ಅಮ್ಮ ಪೂರ್ತಿ ಕೇಳಿದಳು.

“ತಡ ಆಗೋದು ತಪ್ಪಲ್ಲಪ್ಪ. ಭೂಮಿಯೊಳಗೆ ಏನಿದೆ ಅಂತ ಯಾರಿಗೆ ಗೊತ್ತು? ಆದ್ರೆ ಹೇಳದೆ ಇರೋದು ತಪ್ಪು.”

“ಹೌದಮ್ಮ. ತಪ್ಪಾಯ್ತು.”

ಅವನು ಹೋದ ಮೇಲೆ ಬಾಗಿಲಲ್ಲಿ ನಿಂತಿದ್ದ ಮಗಳು ಕೇಳಿದಳು, “ಹೇಳದೆ ಇರೋದು ತಪ್ಪು ಅಂತ ನೀನು ಹೇಳ್ತೀಯಾ?”

ಅಮ್ಮ ಅವಳ ಕಡೆ ತಿರುಗಿದಳು. “ನಾನು ಹೇಳದೆ ಇದ್ದದ್ದೂ ತಪ್ಪೇ. ನೀರು ಬಂದಿದ್ದು ಗೊತ್ತಿದ್ದೂ ಒಂದು ವಾರದಿಂದ ನೀನು ನುಂಗ್ಕೊಂಡಿದ್ದು?”

ಇಬ್ಬರಿಗೂ ಒಟ್ಟಿಗೇ ನಗು ಬಂತು. ಹಾಗೆ ನಕ್ಕು ಬಹಳ ದಿನವಾಗಿತ್ತು.

ಕಟ್ಟಡ ಮುಗಿಯುವಾಗ ಹೇಳಿದ ದಿನ ಕಳೆದು ಒಂದು ಬೇಸಿಗೆ ಹೆಚ್ಚಾಗಿ ಹೋಗಿತ್ತು. ಅಣ್ಣನಿಗೆ ಕೆಳಗೆ ಅಂಗಡಿ, ಅವನಿಗೂ ಅಮ್ಮನಿಗೂ ಮೂರನೆಯ ಮಹಡಿಯಲ್ಲಿ ಮನೆ. ಗೋಡೆಗಳಿಗೆ ಇನ್ನೂ ಬಣ್ಣದ ವಾಸನೆ. ಸಾಮಾನು ಸಾಗಿಸಿದ ಮರುದಿನ ಅವಳು ರಜೆ ಹಾಕಿ ಅಲ್ಲಿಗೆ ಬಂದಳು. ಬಾಗಿಲು ತೆರೆದಿತ್ತು, ಪಾತ್ರೆಗಳ ಪೆಟ್ಟಿಗೆ ಅರ್ಧ ಬಿಚ್ಚಿತ್ತು, ಅಮ್ಮ ಇರಲಿಲ್ಲ.

ಅವಳು ಕೆಳಗೆ ಬಂದು ಅಂಗಡಿಯಲ್ಲಿ ಕೇಳಿದಳು. ಅಣ್ಣನಿಗೂ ಗೊತ್ತಿರಲಿಲ್ಲ. ಅವನು ಎಡಕ್ಕೆ ಓಡಿದ, ಅವಳು ಬಲಕ್ಕೆ. ಅದೇ ಸಾಲಿನ ನಾಲ್ಕನೆಯದೋ ಐದನೆಯದೋ ಅಂಗಡಿ ಚಪ್ಪಲಿಯದು. ಗಾಜಿನೊಳಗೆ ಅಮ್ಮ ಕಂಡಳು. ಕೋಲನ್ನು ಪಕ್ಕಕ್ಕೆ ಒರಗಿಸಿ ಕುರ್ಚಿಯಲ್ಲಿ ಕೂತಿದ್ದಳು. ಸುತ್ತಲೂ ತೆರೆದ ಡಬ್ಬಿಗಳು. ಅಂಗಡಿಯವನು ನೆಲದ ಮೇಲೆ ಮಂಡಿಯೂರಿದ್ದ. ಅಮ್ಮನ ಎಡಗಾಲಿಗೆ ಕಂದು ಚಪ್ಪಲಿ, ಬಲಗಾಲಿಗೆ ಕಪ್ಪು.

“ಅಮ್ಮ! ಹೇಳದೆ ಕೇಳದೆ...”

“ಕೂಗ್ಬೇಡ. ಇಲ್ನೋಡು, ಯಾವುದು ಚೆನ್ನಾಗಿದೆ?” ಅಮ್ಮ ಎರಡು ಕಾಲನ್ನೂ ಸ್ವಲ್ಪ ಎತ್ತಿ ಹಿಡಿದಳು. “ಮನೆಯೊಳಗೆ ಹಾಕ್ಕೊಳ್ಳೋ ಸ್ಲಿಪ್ಪರ್ ಬಿಟ್ರೆ ನನ್ನ ಹತ್ರ ಏನೂ ಇರಲಿಲ್ಲ. ಬೀದಿಗೆ ಅಂತ ಒಂದು ಜೊತೆ ತಗೊಂಡು ಎಷ್ಟು ವರ್ಷ ಆಯ್ತೋ.”

ಅವಳು ಬಾಗಿಲಲ್ಲೇ ನಿಂತು ಉಸಿರು ಸರಿಮಾಡಿಕೊಂಡಳು. ಆಮೇಲೆ ಒಳಗೆ ಬಂದು ಅಮ್ಮನ ಪಕ್ಕದಲ್ಲಿ ಕೂತು ಎರಡು ಕಾಲನ್ನೂ ಗಂಭೀರವಾಗಿ ನೋಡಿದಳು.

“ಕಂದು,” ಎಂದಳು.

“ನನಗೂ ಕಂದೇ ಅನ್ನಿಸ್ತು,” ಎಂದಳು ಅಮ್ಮ. ಅಂಗಡಿಯವನು ಇನ್ನೊಂದು ಕಾಲಿಗೂ ಕಂದು ಚಪ್ಪಲಿ ತೊಡಿಸಿದ. ಅಮ್ಮ ಎದ್ದು, ಕೋಲು ಹಿಡಿದು, ಗಾಜಿನ ಬಾಗಿಲನ್ನು ತಾನೇ ತಳ್ಳಿಕೊಂಡು ಹೊರಗೆ ಹೋದಳು. ಕಚ್ಚುತ್ತದೋ ಇಲ್ಲವೋ ನೋಡಬೇಕು ಎಂದು ಬೀದಿಯ ತಿರುವಿನವರೆಗೂ ನಡೆದಳು.