ಒಂದು ಇಂಚೂ ಬಿಡದೆ

ಬಾರಿಗೆ ಉಗ್ರಾಣ ಇರಲಿಲ್ಲ. ಇದ್ದದ್ದು ಒಂದು ನೆಲಮಾಳಿಗೆ. ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು, ಅಷ್ಟು ಇಕ್ಕಟ್ಟು; ಉದ್ದವೂ ನಾಲ್ಕೈದು ಹೆಜ್ಜೆ. ಕಿಟಕಿ ಇಲ್ಲ, ಬಾಗಿಲು ಒಂದೇ. ಬಾಗಿಲು ದಾಟಿದ ತಕ್ಷಣ ಹಣೆಗೆ ಬಡಿಯುವಂತೆ ಒಂದು ಕಾಂಕ್ರೀಟ್ ತೊಲೆ. ಒಳತುದಿಯ ಮೂಲೆಯಲ್ಲಿ ಬಿಯರನ್ನು ಮೇಲಿನ ನಲ್ಲಿಗಳಿಗೆ ತಳ್ಳುವ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಸಿಲಿಂಡರು, ಅದರ ಪೈಪುಗಳು. ಎರಡೂ ಗೋಡೆಗಳಿಗೆ ಒರಗಿಸಿ ಬಿಯರ್ ತುಂಬಿದ ಸ್ಟೀಲ್ ಪೀಪಾಯಿಗಳು. ಬಾರಿನವರ ಬಾಯಲ್ಲಿ ಅವು ಕೆಗ್ಗು. ತುಂಬಿದ ಕೆಗ್ಗು ಒಬ್ಬ ಆಳಿನಷ್ಟು ತೂಗುತ್ತದೆ.

ಬಾರು ಅಣ್ಣನದು, ನೆಲಮಾಳಿಗೆ ತಮ್ಮನ ಸುಪರ್ದಿನದು. ತಮ್ಮನನ್ನು ಎಲ್ಲರೂ ಇಂಚುಪಟ್ಟಿ ಎಂದೇ ಕರೆಯುತ್ತಿದ್ದರು. ಅಳತೆಯ ಟೇಪು ಜೇಬಿನಲ್ಲಿಲ್ಲದೆ ಅವನು ಕಕ್ಕಸಿಗೂ ಹೋಗುವವನಲ್ಲ. ಅವರಿಬ್ಬರನ್ನೂ ಗಿರಾಕಿಗಳನ್ನೂ ಸಂಭಾಳಿಸುವುದು ಅತ್ತಿಗೆಯ ಪಾಲಿಗೆ ಬಂದ ಕೆಲಸ.

ಎದುರಿನ ಮೈದಾನದಲ್ಲಿ ಅಂದು ಸಂಜೆ ಫುಟ್‌ಬಾಲ್ ಫೈನಲ್. ಅಣ್ಣ ಎಂದಿನದಕ್ಕಿಂತ ದುಪ್ಪಟ್ಟು ಮಾಲು ತರಿಸಿದ್ದ. ಲಾರಿಯವನು ಎಲ್ಲವನ್ನೂ ಕಾಲುದಾರಿಯ ಮೇಲೆ ಇಳಿಸಿ ಹೋಗಿದ್ದ. ಬಿಸಿಲು ಏರುತ್ತಿತ್ತು.

ಅತ್ತಿಗೆ ಕೆಳಗಿಳಿದು ನೋಡಿದಾಗ ಸಿಲಿಂಡರಿನ ಸರಪಳಿ ನೆಲದ ಮೇಲೆ ಬಿದ್ದಿತ್ತು. ಅದನ್ನು ಗೋಡೆಗೆ ಬಿಗಿದಿದ್ದ ಕಬ್ಬಿಣದ ಚೌಕಟ್ಟನ್ನೂ ಬಿಚ್ಚಿ ಹಾಕಿದ್ದರು.

"ಇದನ್ಯಾಕೋ ಬಿಚ್ಚಿದೆ?"

"ಚೌಕಟ್ಟು ನಾಲ್ಕು ಇಂಚು ತಿಂತಿತ್ತು ಅತ್ತಿಗೆ. ಸಿಲಿಂಡರು ಮೂಲೆಗೆ ಒತ್ತಿದ್ರೆ ಇನ್ನೊಂದು ಕೆಗ್ಗು ಹಿಡಿಯುತ್ತೆ. ಅಣ್ಣನೇ ಹೂಂ ಅಂದ."

"ನಿಮ್ಮಣ್ಣ ನಿದ್ದೇಲೂ ಹೂಂ ಅಂತಾರೆ. ಕಟ್ಟು ಅದನ್ನ."

"ನಾಳೆ ಕಟ್ತೀನಿ. ನನ್ನಾಣೆ."

ಗ್ಯಾಸ್ ತಂದುಕೊಡುವವನು ಒಮ್ಮೆ ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. "ಇದು ನೀರಿದ್ದ ಹಾಗೆ ಅಕ್ಕಾ. ಕಣ್ಣಿಗೆ ಕಾಣಲ್ಲ, ಮೂಗಿಗೆ ಗೊತ್ತಾಗಲ್ಲ, ನೆಲದಿಂದ ತುಂಬ್ಕೊಂಡು ಬರುತ್ತೆ. ಮುಳುಗಿದೋರಿಗೆ ಮುಳುಗಿದ್ದೇ ತಿಳಿಯಲ್ಲ." ಅಂದಿನಿಂದ ಕೆಳಗಿಳಿದಾಗಲೆಲ್ಲ ಅವಳು ಎರಡು ಸಲ ಉಸಿರೆಳೆದು ನೋಡಿಕೊಳ್ಳುತ್ತಿದ್ದಳು. ಈಗಲೂ ನೋಡಿಕೊಂಡಳು. ಮೇಲಿನಿಂದ ಗಂಡ ಕೂಗಿದ. "ಬೇಗ ಬೇಗ! ಬಿಯರು ಬಿಸಿಲಲ್ಲಿ ಕುದೀತಿದೆ!"

ಕೆಲಸ ಶುರುವಾಯಿತು. ಅಣ್ಣ ಮೆಟ್ಟಿಲಿನ ಮೇಲಿಟ್ಟ ಹಲಗೆಯಿಂದ ಕೆಗ್ಗು ಜಾರಿಸಿದ. ಅತ್ತಿಗೆ ಬಾಗಿಲಲ್ಲಿ ಹಿಡಿದು ಒಳಗೆ ಉರುಳಿಸಿದಳು. ಇಂಚುಪಟ್ಟಿ ಒಳಗಿನಿಂದ ಎಳೆದುಕೊಂಡು ಒಂದರ ಮೇಲೊಂದು ಏರಿಸಿದ. ಅವನ ಕಾಲಿಗೆ ಬಾರಿನ ಬೂದು ಬೆಕ್ಕು ಸುತ್ತುತ್ತಿತ್ತು. ನಡೆಯುವ ದಾರಿಯೂ ತುಂಬುತ್ತ ಬಂತು, ಇಂಚುಪಟ್ಟಿಗೆ ಸಿಲಿಂಡರಿನ ಮುಂದೆ ನಿಲ್ಲುವಷ್ಟೇ ಜಾಗ. ಕೊನೆಗೆ ತೊಲೆಯ ಕೆಳಗೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟು ಸಂದು ಉಳಿಯಿತು.

"ಇನ್ನೆರಡಿದೆ!" ಮೇಲಿಂದ ಕೂಗು.

ಇಂಚುಪಟ್ಟಿ ಟೇಪು ಎಳೆದು ಸಂದಿಗೆ ಹಿಡಿದ. ಅವನ ಮುಖ ಅರಳಿತು. "ಕಳಿಸಿ ಅತ್ತಿಗೆ! ಅಳತೆ ಕೊಟ್ಟು ಮಾಡಿಸಿದ ಹಾಗಿದೆ!"

ಎರಡೂ ಕೂತವು. ಮೇಲಿನ ಕೆಗ್ಗಿಗೂ ತೊಲೆಗೂ ನಡುವೆ ಒಂದು ಗೇಣು ಉಳಿಯಿತು. ಆ ಗೇಣಿನಲ್ಲಿ ಇಂಚುಪಟ್ಟಿಯ ಎರಡು ಕಣ್ಣು ಕಾಣಿಸಿದವು.

"ನೋಡಿ, ಒಂದು ಇಂಚೂ ವೇಸ್ಟಿಲ್ಲ."

"ಸರಿ. ಈಗ ನೀನು ಹೆಂಗಪ್ಪಾ ಬರ್ತೀಯ?"

ಕಣ್ಣುಗಳು ಎಡಕ್ಕೆ ಹೋದವು, ಬಲಕ್ಕೆ ಬಂದವು. ಕೆಳಗಿಳಿದು ಬಂದ ಅಣ್ಣ ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲೇ ಇರು. ಫೈನಲ್ ಮುಗೀಲಿ, ಗಿರಾಕಿಗಳು ಕುಡಿದು ಖಾಲಿ ಮಾಡಿ ನಿನ್ನ ಹೊರಗೆ ತೆಗೀತಾರೆ." ಅತ್ತಿಗೆಗೂ ನಗು ಬಂತು, ಆದರೆ ಪೂರ್ತಿ ಬರಲಿಲ್ಲ.

"ನಾನೇ ತಳ್ತೀನಿ, ನೀವು ಆ ಕಡೆ ಹಿಡ್ಕೊಳ್ಳಿ," ಎಂದ ಇಂಚುಪಟ್ಟಿ. ಕಾಲಿಗೆ ಆಸರೆ ಬೇಕಿತ್ತು. ಹಿಂದಿದ್ದುದಕ್ಕೆ ಕಾಲು ಕೊಟ್ಟು ಒತ್ತಿದ.

ಹಿಂದಿದ್ದದ್ದು ಸಿಲಿಂಡರು.

ದಡ್ ಎಂದು ಅದು ಉರುಳಿತು. ಆಮೇಲೆ ಪ್ರೆಷರ್ ಕುಕ್ಕರ್ ಕೂಗಲು ಶುರುಮಾಡಿ ನಿಲ್ಲಿಸುವುದನ್ನು ಮರೆತಂಥ ಸದ್ದು.

"ವಾಲ್ವ್ ತಿರುಗಿಸೋ!" ಅಣ್ಣ ಕಿರುಚಿದ.

"ಅದು ಕೆಗ್ಗಿನ ಸಂದೀಲಿ ಸಿಕ್ಕಿದೆ. ಕೈ ಹೋಗ್ತಿಲ್ಲ ಅಣ್ಣ. ಎರಡೇ ಎರಡು ಇಂಚು..."

"ಬಗ್ಗಬೇಡ!" ಅತ್ತಿಗೆಯ ದನಿ ಒಡೆಯಿತು. "ಕೆಗ್ಗಿನ ಮೇಲೆ ಹತ್ತು! ತಲೆ ಮಾಳಿಗೆಗೆ ತಾಗಬೇಕು! ಹತ್ತೋ!"

ಒಳಗೆ ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು. ಅವನು ಹತ್ತಿದ. ಕೆಳಗೆಲ್ಲೋ ಬೆಕ್ಕು ಒಮ್ಮೆ ಕೂಗಿತು. ಇನ್ನೊಮ್ಮೆ ಕೂಗಿದ್ದು ಅರ್ಧಕ್ಕೇ ನಿಂತಿತು.

"ಅತ್ತಿಗೆ, ಬೆಕ್ಕು ಮಲಗಿಬಿಡ್ತು."

"ನೋಡಬೇಡ ಅದನ್ನ. ನನ್ನ ಜೊತೆ ಮಾತಾಡ್ತಾ ಇರು. ನಿಲ್ಲಿಸಬೇಡ."

"ಏನು ಮಾತಾಡ್ಲಿ?"

"ಏನಾದ್ರೂ! ನಿಮ್ಮಣ್ಣನ್ನ ಬೈ!"

ಗಂಡಹೆಂಡತಿ ಮೇಲಿನ ಕೆಗ್ಗಿನ ಅಂಚಿಗೆ ಬೆರಳು ಕೊಕ್ಕೆ ಹಾಕಿ ಜಗ್ಗಿದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದ್ದ ಕೆಗ್ಗು ಅಲ್ಲಾಡಲಿಲ್ಲ. ಒಳಗಿಂದ ಇಂಚುಪಟ್ಟಿ ಬೈಯುತ್ತಿದ್ದ. ಬೈಗುಳಗಳ ನಡುವೆ ಉಸಿರು ಉದ್ದವಾಗುತ್ತ ಬಂತು. "ಹೂಂ ಅಂದ್ಯಲ್ಲೋ... ಎಲ್ಲದಕ್ಕೂ... ಹೂಂ..." ಆಮೇಲೆ ಹೂಂ ಮಾತ್ರ ಉಳಿಯಿತು. ಆಮೇಲೆ ಅದೂ ಇಲ್ಲ.

ಅತ್ತಿಗೆಯ ತಲೆ ಸಿಡಿಯುತ್ತಿತ್ತು. ಗ್ಯಾಸು ಬಾಗಿಲಿಗೂ ಬಂದಿದೆ ಎಂದು ಅವಳಿಗೆ ಗೊತ್ತಾಯಿತು. "ರೀ, ಇಳಿಸೋಕೆ ನೋಡಬೇಡಿ. ಬೀಳಿಸಿ!"

"ಕೆಳಗೆ ನಿನ್ನ ಕಾಲು ಕಣೇ..."

"ಬೀಳಿಸಿ ಅಂದೆ!"

ಕೆಗ್ಗು ಪಕ್ಕದ ಕೆಗ್ಗುಗಳನ್ನು ಕೆರೆದುಕೊಂಡು ಬಂದು ಬಿತ್ತು, ಬಾಯಿ ಒಡೆದು ಬಿಯರು ಚಿಮ್ಮಿತು. ಅತ್ತಿಗೆ ಕಿರುಚಿದಳು, ಆದರೆ ಅಲ್ಲಿಂದ ಸರಿಯಲಿಲ್ಲ. ತೆರೆದ ಕಂಡಿಯೊಳಗೆ ಇಬ್ಬರೂ ಕೈ ಹಾಕಿದರು. ಅಂಗಿಯ ಕಾಲರು ಸಿಕ್ಕಿತು, ಆಮೇಲೆ ತೋಳು. ಅಂಗಿ ಹರಿಯಿತು, ತೋಳು ಬಂತು. ಮೊಲೆಹಾಲು ಕಕ್ಕಿದ ಮಗುವಿನ ಹಾಗೆ ಕತ್ತು ವಾಲಿಸಿಕೊಂಡಿದ್ದ ಅವನನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಹೋದರು.

ಕಾಲುದಾರಿಯ ಬಿಸಿಲಿನಲ್ಲಿ ಮಲಗಿಸಿ ಅಣ್ಣ ಅವನ ಕೆನ್ನೆಗೆ ಹೊಡೆದ. ಇನ್ನೊಮ್ಮೆ ಹೊಡೆದ. ಇಂಚುಪಟ್ಟಿ ಗೊರ್ ಎಂದು ಗಾಳಿ ಎಳೆದುಕೊಂಡ. ಕೆಮ್ಮಿದ. ಕಣ್ಣು ಬಿಟ್ಟು ಮೊದಲು ಜೇಬು ಮುಟ್ಟಿ ನೋಡಿಕೊಂಡ.

"ಟೇಪು ಒಳಗೇ ಬಿತ್ತು," ಎಂದ.

"ಹೋಗಿ ತಗೊಂಡ್ಬಾ," ಎಂದಳು ಅತ್ತಿಗೆ, ಬೀಗಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಆಮೇಲೆ ಅತ್ತಳು.

ಅಗ್ನಿಶಾಮಕದವರು ಮುಖಕ್ಕೆ ಗವುಸು ಹಾಕಿಕೊಂಡು ಇಳಿದು ವಾಲ್ವ್ ಮುಚ್ಚಿದರು. ಮೈದಾನದಲ್ಲಿ ಆಟ ಶುರುವಾದಾಗ ಬಾರಿನ ಷಟರು ಅರ್ಧ ಇಳಿದಿತ್ತು, ಅತ್ತಿಗೆ ಆಸ್ಪತ್ರೆಯಲ್ಲಿದ್ದಳು.

ಲೆಕ್ಕ ಹಾಕಿದರೆ ಹೋದದ್ದು ಇಷ್ಟು: ಒಂದು ಕೆಗ್ಗು ಬಿಯರು, ಒಂದು ಅಳತೆಯ ಟೇಪು, ಒಂದು ಬೂದು ಬೆಕ್ಕು, ಅತ್ತಿಗೆಯ ಬಲಗಾಲಿನ ಎರಡು ಬೆರಳು.