ಎರಡು ಹೊತ್ತಿನ ಓಟ

ಸಿಂಗಾಟೋಕಾದ ಹೆಂಗಸರ ರಗ್ಬಿ ತಂಡವನ್ನು ಇಬ್ಬರು ತರಬೇತುದಾರರಿಗೆ ಎರಡಾಗಿ ಹಂಚಿದ ದಿನ ವಾಸಿತಿ ತನ್ನ ಸೋದರಮಾವನ ಪಾಲಿಗೆ ಬಂದಳು. ಅವಳು ಮೋಮೋ, ಅಂದರೆ ಮಾವ, ಎಂದು ಕರೆಯುವ ತನಿಯೆಲಾ ಅವರದು ಹಳೆಯ ಪಟ್ಟು: ಬೆಳಗಾದರೆ ಬರಿಗಾಲಲ್ಲಿ ಮರಳುದಿಬ್ಬ ಹತ್ತಬೇಕು, ನಿಲ್ಲದೆ. ರಾಜಧಾನಿ ಸುವಾದಿಂದ ಹೊಸದಾಗಿ ಬಂದ ಕೆಸಾಯಾಳದು ಬೇರೆ ದಾರಿ: ಸಂಜೆ ಮೈದಾನದಲ್ಲಿ ಬಿರುಸಾದ ಒಂದು ಓಟ, ಸುಧಾರಿಸಿಕೊಳ್ಳಲು ಬಿಡುವು, ಮತ್ತೊಂದು ಓಟ. ಕೊನೆಗೊಂದು ಪರೀಕ್ಷೆ. ಯಾರ ಕಡೆಯವರು ಗಟ್ಟಿಯೋ ಅವರಿಗೇ ತಂಡ ಎಂದು ಕ್ಲಬ್ಬಿನ ಹಿರಿಯರು ತೀರ್ಮಾನಿಸಿದ್ದರು. ಹೆಂಡತಿ ಸತ್ತ ಮೇಲೆ ಮಾವನಿಗೆ ತಂಡ ಬಿಟ್ಟು ಬೇರೇನೂ ಇರಲಿಲ್ಲ.

ಒಂದು ಸಂಜೆ ಮೈದಾನದ ಪಕ್ಕ ಹೋಗುತ್ತಿದ್ದವಳನ್ನು ಕೆಸಾಯಾ ಕೂಗಿದಳು. "ಜೋಡಿಗೆ ಒಬ್ಬಳು ಕಮ್ಮಿ, ಬಾರೇ."

ವಾಸಿತಿ ಹೋದಳು. ಮರುದಿನವೂ ಹೋದಳು. ದೊಡ್ಡವರು ಕರೆದರೆ ಒಲ್ಲೆ ಎನ್ನಲು ಆ ಊರಿನ ಮಕ್ಕಳಿಗೆ ನಾಲಿಗೆ ಹೊರಳುವುದಿಲ್ಲ. ಬೆಳಗಿನ ದಿಬ್ಬವನ್ನೂ ಬಿಡಲಿಲ್ಲ, ಮಾವನಿಗೂ ಹೇಳಲಿಲ್ಲ. ಬರಬರುತ್ತ ಕಾಲು ನೀರಲ್ಲಿ ನೆನೆದ ದಿಮ್ಮಿಯ ಹಾಗೆ ಭಾರವಾಯಿತು, ನಿದ್ದೆ ಹಾರಿತು.

"ಮೆಟ್ಟಿಲು ಅಡ್ಡಡ್ಡ ಇಳೀತೀಯಲ್ಲೇ, ಏಡಿಗಳು ನಿಮ್ಮ ಅಜ್ಜಿ ಕಡೆಯವರಾ?" ಎಂದು ಗೆಳತಿ ಉಲಮಿಲಾ ನಕ್ಕಳು. ನಕ್ಕವಳೇ ವಾಸಿತಿಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

ಪರೀಕ್ಷೆಯ ದಿನ ಎರಡು ಗೆರೆಗಳ ನಡುವೆ ಓಟ. ಪೀಪಿ ಊದುವುದರೊಳಗೆ ಆಚೆ ಗೆರೆ ಮುಟ್ಟಬೇಕು. ಊದುವುದು ಹೋಗ್ತಾ ಹೋಗ್ತಾ ಬೇಗವಾಗುತ್ತದೆ. ಎಲ್ಲರಿಗಿಂತ ಮೊದಲು ಕುಸಿದವಳು ವಾಸಿತಿ. ಮುಟ್ಟಿದ ಗೆರೆಗಳನ್ನೆಲ್ಲ ಕೂಡಿಸಿದಾಗ ಮಾವನ ಕಡೆಯವರು ಸೋತರು, ಅದೂ ಕೂದಲೆಳೆಯ ಅಂತರದಲ್ಲಿ.

"ಮರಳಿನ ಕಾಲ ಮುಗೀತಪ್ಪಾ ತನಿಯೆಲಾ," ಎಂದರು ಹಿರಿಯರೊಬ್ಬರು.

ಮಾವ ಕಿತ್ತಳೆ ಸುಲಿದು, ಬೀಜ ತೆಗೆದು, ವಾಸಿತಿಯ ಕೈಗಿಟ್ಟರು. "ನಿನ್ನ ತಪ್ಪೇನಿಲ್ಲ ಮಗಾ. ನಾನೇ ಮಿತಿಮೀರಿ ಹತ್ತಿಸಿಬಿಟ್ಟೆ."

ವಾಸಿತಿ ಹಣ್ಣನ್ನು ಬಾಯಿಗಿಡದೆ ಮಾವನ ಕೈಗೇ ಹಿಂತಿರುಗಿಸಿದಳು.

"ಮೋಮೋ, ನೀವಲ್ಲ. ನಾನು ಸಂಜೆ ಅಲ್ಲೂ ಓಡ್ತಿದ್ದೆ. ದಿನಾ."

ಎಲ್ಲರೂ ಕೆಸಾಯಾಳತ್ತ ತಿರುಗಿದರು. ಅವಳ ಮುಖ ಕೆಂಪಾಯಿತು. "ನಿಜ, ಕರೆದವಳು ನಾನೇ. ಒಂದೆರಡು ದಿನಕ್ಕೆ ಅಂತ ಕರೆದೆ, ಆಮೇಲೆ ಸಾಕು ಅನ್ನಲಿಲ್ಲ. ಈ ಫಲಿತಾಂಶ ಸರಿಯಲ್ಲ. ಇನ್ನೊಂದ್ಸಲ ಓಡಿಸೋಣ."

ವಾಸಿತಿಗೆ ಜೀವ ಬಂದಂತಾಯಿತು. ಆದರೆ ಮಾವ ತಲೆಯಾಡಿಸಿದರು.

"ಬೇಡ ತಾಯಿ. ದಿಬ್ಬ ಸೋತಿತೋ ಗೆದ್ದಿತೋ ದೇವರಿಗೇ ಗೊತ್ತು. ನಾನಂತೂ ಸೋತೆ. ಮನೆ ಹುಡುಗಿ ಎರಡು ಹೊತ್ತು ಸಾಯ್ತಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಸುಸ್ತಾದೋಳನ್ನ ಸೋಮಾರಿ ಅಂದ್ಕೊಂಡೆ."

"ಮೋಮೋ, ನಾನು ಹೇಳಿದ್ದು ನಿಮಗೆ ತಂಡ ಉಳೀಲಿ ಅಂತ..."

"ಗೊತ್ತು. ಈಗಲೂ ನಿನ್ನ ಬಿಟ್ಟು ನನ್ನನ್ನೇ ಯೋಚಿಸ್ತಿದ್ದೀಯ. ಅದಕ್ಕೇ ಆ ತಂಡ ನನ್ನಿಂದ ಇಟ್ಕೊಳ್ಳೋಕಾಗಲ್ಲ."

ಅವರು ಕೆಸಾಯಾಳ ಪಕ್ಕ ಹುಲ್ಲಿನ ಮೇಲೆ ಕೂತು, ಒಬ್ಬೊಬ್ಬರ ವಿಷಯವನ್ನೂ ಒಪ್ಪಿಸತೊಡಗಿದರು. "ಉಲಮಿಲಾಗೆ ಎಡ ಹಿಮ್ಮಡಿ ನೋವು, ಬಾಯಿ ಬಿಡಲ್ಲ. ಲೋಸಾನಾನ್ನ ಬೈದ್ರೆ ಓಡಲ್ಲ, ನಗಿಸಿದ್ರೆ ಓಡ್ತಾಳೆ." ಕೆಸಾಯಾ ತಲೆ ತಗ್ಗಿಸಿ ಕೇಳುತ್ತಿದ್ದಳು.

ಕೊನೆಗೆ ವಾಸಿತಿಯ ಸರದಿ ಬಂದಾಗ ಮಾವ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಇವಳು ಯಾವುದಕ್ಕೂ ಬೇಡ ಅನ್ನಲ್ಲ," ಎಂದರು. "ಸುಸ್ತಾಯ್ತಾ ಅಂತ ನೀನೇ ಕೇಳಬೇಕು. ನಾನು ಕೇಳಲಿಲ್ಲ."